ಕೂಸಿನ ತೂಕದ ಬೆಲ್ಲ

ಬೆಳಗಿನ ಐದೂವರೆ. ಹಳೇ ಹುಬ್ಬಳ್ಳಿಯ ಒಂದು ಇಕ್ಕಟ್ಟಾದ ಓಣಿ, ಕಿರಾಣಿ ಅಂಗಡಿಯ ಹಿಂದಿನ ಮನೆ. ಬಚ್ಚಲ ಒಲೆಯ ಮೇಲೆ ಹಂಡೆಯ ನೀರು ಕುದಿ ಹಿಡಿಯುತ್ತಿದೆ. ಐವತ್ತೇಳು ವರ್ಷದ ರೆಹಮತ್‌ಬಿ ಗೋಡೆಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂತು, ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿ, ಎರಡೂ ಕಾಲು ಉದ್ದಕ್ಕೆ ಚಾಚಿದ್ದಾರೆ. ಆ ಕಾಲುಗಳ ನಡುವಿನ ತಗ್ಗಿನಲ್ಲಿ ಏಳು ತಿಂಗಳ ಗಂಡುಕೂಸು ಅಂಗಾತ ಮಲಗಿ ತನ್ನ ಹೆಬ್ಬೆರಳನ್ನು ಪರೀಕ್ಷೆ ಮಾಡುತ್ತಿದೆ.

ಕೂಸನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ರೆಹಮತ್‌ಬಿ ಅವರ ಕಣ್ಣು ಅಡುಗೆಮನೆಯ ಕಟ್ಟೆಗೆ ಹೋಗಿ ಬಂದಿದೆ. ಅಲ್ಲಿ ಹಾಲಿನ ಬಾಟಲಿ ಬೋರಲಾಗಿ ನಿಂತಿದೆ, ಒಣಗಿದೆ. ರಾತ್ರಿ ಅದನ್ನು ಯಾರೂ ಮುಟ್ಟಿಲ್ಲ. ಯಾರನ್ನೂ ಏನೂ ಕೇಳದೆ ಒಂದು ಮನೆಯ ರಾತ್ರಿಯನ್ನು ಓದಿಕೊಳ್ಳುವ ಈ ವಿದ್ಯೆಗೆ ಇಪ್ಪತ್ತಾರು ವರ್ಷದ ಅಭ್ಯಾಸವಿದೆ. ಸಮಾಧಾನದಿಂದ ಅಂಗೈಗೆ ಔಡಲೆಣ್ಣೆ ಸುರಿದುಕೊಂಡು ಎದೆ, ಹೊಟ್ಟೆ, ತೋಳು ತಿಕ್ಕುತ್ತಾರೆ. ಬೆರಳು ಗದ್ದದ ಕೆಳಗಿನ ಮಡಿಕೆಗೆ ಇಳಿಯುತ್ತದೆ, ಅಲ್ಲಿಯೇ ನಿಲ್ಲುತ್ತದೆ.

ಮಡಿಕೆ ಅಂಟಂಟಾಗಿದೆ. ಬೆರಳನ್ನು ಮೂಗಿನ ಹತ್ತಿರ ತರುತ್ತಾರೆ. ಬಿಸ್ಕೀಟು.

ಬಾಗಿಲಲ್ಲಿ ಕೂಸಿನ ಅಜ್ಜಿ ನೀಲಗಂಗವ್ವ ಕೈ ಕಟ್ಟಿ ನಿಂತಿದ್ದಾರೆ. ಅವರ ಕಣ್ಣು ಮೊಮ್ಮಗನ ಪಕ್ಕೆಲುಬಿನ ಮೇಲೆ. ಎಂಟು ದಿನದಿಂದ ದಿನವೂ ಅವನ್ನು ಎಣಿಸುತ್ತಿದ್ದಾರೆ. ಇನ್ನೂ ಒಂದೂ ಕಾಣಿಸಿಕೊಂಡಿಲ್ಲ. ರೆಹಮತ್‌ಬಿ ಒಂದು ತಂಬಿಗೆ ನೀರು ಹೊಯ್ಯುತ್ತಾರೆ, ಇನ್ನೊಂದು ಹೊಯ್ಯುತ್ತಾರೆ. ಹದಿನೈದು ದಿನದ ಕರಾರು, ಇವತ್ತು ಎಂಟನೆಯದು. ಉಳಿದ ಏಳು ದಿನದಲ್ಲಿ ಈ ಬಚ್ಚಲಿನಲ್ಲಿ ಒಂದೋ ಅವರ ಮಾತು ಉಳಿಯಬೇಕು, ಇಲ್ಲವೇ ಅವರು ಎದ್ದು ಹೋಗಬೇಕು.

ಮನೆಯವರು ಎಲ್ಲವನ್ನೂ ಈ ಪತ್ರಿಕೆಯಲ್ಲಿ ಬರೆಯಲು ಒಪ್ಪಿದ್ದಾರೆ, ತಮ್ಮ ಹೆಸರನ್ನು ಬಿಟ್ಟು. ಹಾಗಾಗಿ ಕೂಸನ್ನು ಇಲ್ಲಿ ಸಿದ್ಧಾರೂಢ, ಅದರ ತಾಯಿಯನ್ನು ವಿದ್ಯಾ, ಒಂಬತ್ತು ವರ್ಷದ ಅಕ್ಕನನ್ನು ಕಾವೇರಿ ಎಂದು ಕರೆಯೋಣ. ಅಂಗಡಿಯ ಯಜಮಾನ, ಅಂದರೆ ಅಜ್ಜ, ಶಾಂತಯ್ಯ. ರೆಹಮತ್‌ಬಿ ಮಾತ್ರ ರೆಹಮತ್‌ಬಿಯೇ. ಹೆಸರು ಬದಲಿಸಿದರೂ ಓಣಿಗೆ ಗೊತ್ತಾಗುತ್ತದೆ, ಬದಲಿಸಿ ಏನು ಮಾಡುವುದು ಎನ್ನುವುದು ಅವರ ವಾದ.

ಅವರದು ಕೂಸುಗಳಿಗೆ ಎರೆಯುವ ಕೆಲಸ. ಬೆಳಗಿನ ಐದಕ್ಕೆ ಮನೆ ಬಿಟ್ಟರೆ ಒಂಬತ್ತು ಮನೆ ಮುಗಿಸಿ ತಿರುಗಿ ಬರುವುದು ಹನ್ನೊಂದಕ್ಕೆ. ಒಂದು ಕೂಸಿಗೆ ಇಪ್ಪತ್ತು ನಿಮಿಷ: ಎಣ್ಣೆ, ಹೆಸರಹಿಟ್ಟು, ಹದಿನಾಲ್ಕು ತಂಬಿಗೆ ನೀರು, ಲೋಬಾನದ ಹೊಗೆ, ಮೆತ್ತನೆ ಹಳೇ ಧೋತರದಲ್ಲಿ ಒಂದು ಸುತ್ತು. ಎಂಟು ದಿನಕ್ಕೊಮ್ಮೆ ನಳ ಬರುವ ಓಣಿಗಳಲ್ಲಿ ಹದಿನಾಲ್ಕು ತಂಬಿಗೆ ಎಂದರೆ ಸಣ್ಣ ಮಾತಲ್ಲ. ಆದರೆ ಮನೆಯವರು ಮುಖ ತೊಳೆಯದೆ ಕೂತಾರು, ಕೂಸಿನ ನೀರಿಗೆ ಕೈ ಹಚ್ಚುವುದಿಲ್ಲ. ಈವರೆಗೆ ಅವರ ಕಾಲ ಮೇಲೆ ಮಲಗಿ ಎದ್ದವರು ಮುನ್ನೂರ ನಲವತ್ತರ ಸುಮಾರು. ಅವರಲ್ಲಿ ಒಬ್ಬ ಈಗ ಪೊಲೀಸ್, ಇಬ್ಬರು ಮಾಸ್ತರರು, ಒಬ್ಬಾತ ಚುನಾವಣೆಗೆ ನಿಂತು ಬಿದ್ದವನು. ದಾರಿಯಲ್ಲಿ ಸಿಕ್ಕರೆ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುತ್ತಾರೆ. ಬಿದ್ದವನನ್ನು ಸ್ವಲ್ಪ ಹೆಚ್ಚು ಪ್ರೀತಿಯಿಂದ.

ಕೆಲಸ ಕಲಿಸಿದವರು ಅತ್ತೆ ರಸೂಲಬಿ. ಗಂಡ ಅಮೀನಸಾಬ ಅರಳೆ ಹಿಂಜಿ ಗಾದಿ ತುಂಬುತ್ತಿದ್ದರು. ಗಂಡ ಊರಿನ ದೊಡ್ಡವರ ನಿದ್ದೆ ನೋಡಿಕೊಂಡರೆ ಹೆಂಡತಿ ಸಣ್ಣವರದು ನೋಡಿಕೊಳ್ಳುತ್ತಿದ್ದರು. ಅವರಿಬ್ಬರಿಗೆ ಮಾತ್ರ ನಿದ್ದೆ ಕಡಿಮೆಯೇ. ಅರಳೆಯ ಧೂಳು ಎದೆಗೆ ಕೂತು ಅಮೀನಸಾಬ ತೊಂಬತ್ಮೂರರಲ್ಲಿ ತೀರಿಕೊಂಡರು. ನಲವತ್ತು ದಿನವೂ ಮನೆಯಲ್ಲಿ ಕೂರಲಾಗಲಿಲ್ಲ ಎಂಬುದು ರೆಹಮತ್‌ಬಿ ಅವರಿಗೆ ಇನ್ನೂ ಚುಚ್ಚುತ್ತದೆ. ಕೂಸುಗಳು ಕಾಯುವುದಿಲ್ಲವಲ್ಲ.

ಊರಿಗೆ ಕರ್ಫ್ಯೂ ಬಿದ್ದ ಒಂದು ದಿನ ಓಣಿಯ ಬಾಯಲ್ಲಿ ಪೊಲೀಸರೊಬ್ಬರು ಲಾಠಿ ಅಡ್ಡ ಹಿಡಿದು, ಎಲ್ಲಿಗೆ ಎಂದು ಗದರಿದರಂತೆ. ರೆಹಮತ್‌ಬಿ ಎರಡೂ ಅಂಗೈ ಮುಂದೆ ಚಾಚಿ, ಮೂಸಿ ನೋಡ್ರಿ ಎಂದರು. ಔಡಲೆಣ್ಣೆ ಮತ್ತು ಲೋಬಾನ ಸುಳ್ಳು ಹೇಳುವುದಿಲ್ಲ. ಆತ ಮೂಸಿದರು, ಲಾಠಿ ಇಳಿಸಿದರು, ಆಮೇಲೆ ದನಿಯನ್ನೂ ಇಳಿಸಿ, ತಮ್ಮ ಮನೆಯ ಕೂಸು ರಾತ್ರಿ ಮಲಗುವುದಿಲ್ಲ, ಏನು ಮಾಡುವುದು ಎಂದು ಕೇಳಿದರು. ರೆಹಮತ್‌ಬಿ ಆಗ ಎಲ್ಲರಿಗೂ ಕೊಡುತ್ತಿದ್ದ ಸಲಹೆಯನ್ನೇ ಕೊಟ್ಟರು: ಹೊಟ್ಟೆ ತುಂಬ ಹಾಲು ಕುಡಿಸಿರಿ, ಸಕ್ಕರೆ ಹಾಕಿರಿ, ಎದ್ದಾಗೊಮ್ಮೆ ಬಾಟಲಿ ಕೊಡಿರಿ. ಆ ಸಲಹೆಯನ್ನು ನೆನೆದಾಗ ಈಗ ಅವರ ಮುಖ ಸಣ್ಣದಾಗುತ್ತದೆ.

ಇಷ್ಟು ಹೇಳಿದ ಮೇಲೆ ಬೆಲ್ಲದ ವಿಷಯಕ್ಕೆ ಬರಬೇಕು. ಈ ಓಣಿಯ ಸುತ್ತಮುತ್ತ ಒಂದು ಪದ್ಧತಿ ಇದೆ. ಕೂಸು ಅಂಬೆಗಾಲಿಟ್ಟು ಮೊದಲ ಸಲ ಹೊಸ್ತಿಲು ದಾಟಿದ ದಿನಕ್ಕೆ ಎರೆಯುವವರ ಕೆಲಸ ಮುಗಿಯಿತು. ಅಂದು ಅಂಗಡಿಯ ತಕ್ಕಡಿ ತಂದು, ಒಂದು ತಟ್ಟೆಯಲ್ಲಿ ಕೂಸನ್ನು, ಇನ್ನೊಂದರಲ್ಲಿ ಬೆಲ್ಲವನ್ನು ಇಡುತ್ತಾರೆ. ಸರಿದೂಗಿದಷ್ಟು ಬೆಲ್ಲ ಎರೆದಾಕೆಗೆ. ಕೂಸು ಭಾರವಾದಷ್ಟೂ ಬೆಲ್ಲ ಹೆಚ್ಚು, ಬೆಲ್ಲ ಹೆಚ್ಚಿದಷ್ಟೂ ಕೈಗುಣದ ಹೆಸರು ದೊಡ್ಡದು. ಯಾವ ಸರಕಾರಿ ಇಲಾಖೆಯಲ್ಲೂ ಇಷ್ಟು ನೇರವಾದ ಬಹುಮಾನದ ಏರ್ಪಾಡು ಇರಲಿಕ್ಕಿಲ್ಲ. ಯಾರ ಕೂಸು ಎಷ್ಟು ತೂಗಿತು ಎಂದು ಹೆಂಗಸರು ವರ್ಷಗಟ್ಟಲೆ ನೆನಪಿಡುತ್ತಾರೆ, ಗರಡಿ ಮನೆಯವರು ಪೈಲವಾನರ ತೂಕ ನೆನಪಿಟ್ಟಂತೆ.

ತೊಂಬತ್ತಾರರಲ್ಲಿ ವಿದ್ಯಾ ಗರಗದ ತವರಿನಲ್ಲಿ ಬಾಣಂತನ ಮುಗಿಸಿ, ಮೂರು ತಿಂಗಳ ಕಾವೇರಿಯನ್ನು ಎತ್ತಿಕೊಂಡು ಈ ಮನೆಗೆ ಬಂದರು. ಕೂಸು ಚೆಂದ, ನಿದ್ದೆ ಇಲ್ಲ. ರಾತ್ರಿಗೆ ಆರು ಸಲ, ಏಳು ಸಲ ಏಳುತ್ತಿತ್ತು. ವಿದ್ಯಾ ಅವರ ಕಣ್ಣ ಸುತ್ತ ಕಪ್ಪು ಉಂಗುರ. ರೆಹಮತ್‌ಬಿ ನೋಡಲಾರದೆ ಹೇಳಿದ ಮಾತನ್ನು ತಾವೇ ಈಗ ತಿರುಗಿ ಹೇಳುತ್ತಾರೆ: “ಅತ್ತಾಗೊಮ್ಮಿ ಬಾಟ್ಲಿ ಬಾಯಾಗಿಡು ತಂಗಿ, ಹಾಲಾಗ ಎರಡ ಬಿಸ್ಕೀಟ ಕಲಸು, ಹಸದ ಕೂಸು ಮಕ್ಕೊಳ್ಳೂದಿಲ್ಲ ಅಂತ ಹೇಳಿದೆ. ಹಸದಿತ್ತೋ ಇಲ್ಲೋ ನಾ ಕೇಳಲಿಲ್ಲ. ಕೂಸರ ಹೆಂಗ ಹೇಳೀತು?”

ಬಾಟಲಿ ಬಾಯಿಗೆ ಬಂದರೆ ಅಳು ನಿಲ್ಲುತ್ತಿತ್ತು. ಮತ್ತೆ ಎರಡು ತಾಸಿಗೆ ಏಳುತ್ತಿತ್ತು, ಮತ್ತೆ ಬಾಟಲಿ. ಹೊಸ್ತಿಲು ದಾಟಿದ ದಿನ ಶಾಂತಯ್ಯನವರು ಬೆಲ್ಲ ಇಟ್ಟರು, ಇನ್ನಷ್ಟು ಇಟ್ಟರು, ಒಳಗೆ ಹೋಗಿ ಇನ್ನೊಂದು ಪೆಂಟೆ ತಂದರು. ಓಣಿಯ ದಾಖಲೆ ಮುರಿಯಿತು. ಎಷ್ಟು ಕಿಲೋ ಎಂಬುದು ರೆಹಮತ್‌ಬಿ ಅವರಿಗೆ ಗ್ರಾಮಿನ ತನಕ ಗೊತ್ತು. ಮುಂದಿನ ಎರಡು ವರ್ಷ ಅವರು ಹೋದ ಮನೆಯಲ್ಲೆಲ್ಲ, ನಳದ ಸಾಲಿನಲ್ಲಿ, ಬಳೆಗಾರರ ಅಂಗಡಿಯಲ್ಲಿ ಆ ಅಂಕಿಯನ್ನು ಹೇಳಿದ್ದೇ ಹೇಳಿದ್ದು. ಈ ಬರಹದಲ್ಲಿ ಅದು ಇಲ್ಲ. ಯಾಕಿಲ್ಲ ಎಂಬುದು ಕೊನೆಗೆ ತಿಳಿಯುತ್ತದೆ.

ಹೋದ ದೀಪಾವಳಿಯ ಹೊತ್ತಿಗೆ ನಳದ ಹತ್ತಿರ ಮಕ್ಕಳು ಕಾವೇರಿಯನ್ನು ಒಂದು ಅಡ್ಡಹೆಸರಿನಿಂದ ಕರೆಯುವುದನ್ನು ರೆಹಮತ್‌ಬಿ ಕೇಳಿದರು. ಬೆಲ್ಲಕ್ಕೆ ಸಂಬಂಧಪಟ್ಟ ಹೆಸರು. ಊಹಿಸುವುದು ಕಷ್ಟವಲ್ಲ, ಅಚ್ಚು ಹಾಕುವುದು ಬೇಡ. ಹುಡುಗಿ ತನ್ನ ಕೊಡದ ಬಾಯಿಯನ್ನೇ ನೋಡುತ್ತ ಕೂತಿದ್ದಳು. ರೆಹಮತ್‌ಬಿ ಮಕ್ಕಳನ್ನು ಗದರಿಸಿ ಓಡಿಸಿ ಹತ್ತಿರ ಹೋದರೆ, ಆಕೆ ತಲೆ ಎತ್ತದೆ ಕೇಳಿದ್ದು ಒಂದೇ ಮಾತು: “ನನ್ನ ತೂಕಾ ಊರಿಗೆಲ್ಲಾ ಹೇಳಿದಾಕಿ ನೀನ ಅಂತಲ್ಲ, ಬೀಬಿ ಆಯಿ?”

ಆ ದಿನ ರೆಹಮತ್‌ಬಿ ಎರಡು ಮನೆ ತಪ್ಪಿಸಿದರು. ಗಂಡ ತೀರಿಕೊಂಡಾಗಿನ ದಿನಗಳನ್ನು ಬಿಟ್ಟರೆ, ಇಪ್ಪತ್ತಾರು ವರ್ಷದಲ್ಲಿ ಅದು ಮೊದಲು.

ಜನವರಿಯಲ್ಲಿ ಸಾಲೆಯ ಮೆಟ್ಟಿಲು ಹತ್ತುವಾಗ ಕಾವೇರಿಗೆ ಏದುಸಿರು ಬಂತು. ಕೇಶ್ವಾಪುರದಲ್ಲಿ ಮಕ್ಕಳ ದವಾಖಾನೆ ಇಟ್ಟಿರುವ ಡಾಕ್ಟರ್ ರಜನಿ ಅವರ ಬಳಿ ವಿದ್ಯಾ ಕರೆದೊಯ್ದರು. ಸಿದ್ಧಾರೂಢನನ್ನು ಎತ್ತಿಕೊಳ್ಳಲು ರೆಹಮತ್‌ಬಿ ಜೊತೆಗೆ ಹೋದರು. ಡಾಕ್ಟರು ಊಟ ಕೇಳಿದರು, ಆಟ ಕೇಳಿದರು, ಆಮೇಲೆ ಕೂಸಿದ್ದಾಗ ಹೇಗೆ ಮಲಗುತ್ತಿದ್ದಳು ಎಂದು ಕೇಳಿದರು. ವಿದ್ಯಾ ಎಲ್ಲ ಹೇಳಿದರು, ಸಲಹೆ ಯಾರದೆಂಬುದನ್ನು ಮಾತ್ರ ಬಿಟ್ಟು. ಬಿಟ್ಟ ಆ ಮಾತನ್ನು ರೆಹಮತ್‌ಬಿ ತಾವೇ ತುಂಬಿದರು.

ರಜನಿ ಅವರು ಮಾತನ್ನು ಅಳೆದು ಆಡುವವರು. “ನೋಡ್ರಿ, ನಿದ್ದಿಗೆಟ್ಟ ಕೂಸೆಲ್ಲಾ ಮುಂದ ದಪ್ಪ ಆಗತಾವಂತ ನಾ ಹೇಳಾಂಗಿಲ್ಲ. ಮನಿ ಊಟಾ ಇರತೈತಿ, ಮೈಕಟ್ಟು ಇರತೈತಿ, ಆಟ ಇರತೈತಿ, ಒಂದಽ ಕಾರಣ ಅಲ್ಲ. ಆದ್ರ ಎಚ್ಚರಾದಾಗೊಮ್ಮೆ ಸಿಹಿ ಕೊಟ್ಟರ, ಹಸಿವಿಲ್ಲದ ತಿನ್ನೂದು ರೂಢಿ ಆಗಬಹುದು. ತಾನಾಗಿ ತಿರಗಿ ಮಲಗೂದು ಕಲಿಯೂದಽ ಇಲ್ಲ. ಹಂಥಾ ಮಕ್ಕಳನ್ನ ನಾನೂ ಭಾಳ ನೋಡಾಕತ್ತೇನಿ,” ಎಂದರು. ಕಾವೇರಿ ಈಗಲೂ ರಾತ್ರಿ ಎದ್ದು ಬಿಸ್ಕೀಟಿನ ಡಬ್ಬಿ ಹುಡುಕುತ್ತಾಳೆ ಎಂದು ವಿದ್ಯಾ ಮೆಲ್ಲಗೆ ಹೇಳಿದ್ದು ಆಗಲೇ.

ರೆಹಮತ್‌ಬಿ ಅವರ ತೊಡೆಯ ಮೇಲೆ ಸಿದ್ಧಾರೂಢ ಇದ್ದ. ಅವನೂ ರಾತ್ರಿಗೆ ಆರು ಸಲ ಏಳುವವನೇ. ಅವನಿಗೂ ಬಾಟಲಿ ಶುರುವಾಗಿ ತಿಂಗಳಾಗಿತ್ತು.

ಡಾಕ್ಟರು ಕೂಸನ್ನು ಪರೀಕ್ಷಿಸಿ, ಗಟ್ಟಿಮುಟ್ಟಾಗಿದೆ, ರಾತ್ರಿ ತಾಯಿಯ ಹಾಲು ಒಂದು ಸಲ ಸಾಕು, ಸಕ್ಕರೆ ಬಿಸ್ಕೀಟಿನ ಬಾಟಲಿ ಬೇಡ, ದಿನಾ ಒಂದೇ ಹೊತ್ತಿಗೆ ಮಲಗಿಸಿರಿ, ಎದ್ದರೆ ಮೊದಲು ತಟ್ಟಿ ನೋಡಿರಿ ಎಂದರು. ಹೇಳುವುದು ಡಾಕ್ಟರಿಗೆ ಸುಲಭ. ನೀಲಗಂಗವ್ವ ಇರುವ ಮನೆಯಲ್ಲಿ ಅದನ್ನು ಮಾಡಿಸುವವರು ಯಾರು? ರೆಹಮತ್‌ಬಿ ತಮ್ಮ ತಲೆ ಕೊಟ್ಟರು. ಹದಿನೈದು ದಿನ ಕೊಡ್ರಿ ಅಕ್ಕಾರ, ಎಂದು ನೀಲಗಂಗವ್ವನನ್ನು ಕೇಳಿದರು.

ನೀಲಗಂಗವ್ವ ಕೆಟ್ಟವರಲ್ಲ. ತಮ್ಮ ಮಗನಿಗೆ ಹಾಲು ಸಿಗದೆ ಗಂಜಿಯ ತಿಳಿ ಕುಡಿಸಿ ದೊಡ್ಡವನನ್ನಾಗಿ ಮಾಡಿದವರು. ಅಳುವ ಕೂಸಿನ ಬಾಯಿಗೆ ಏನೂ ಕೊಡಬಾರದು ಎಂಬ ಮಾತು ಅವರ ಕಿವಿಗೆ ಅಧರ್ಮದಂತೆ ಕೇಳಿಸಿತು. ಅಂಗಡಿಯ ತಕ್ಕಡಿಯಲ್ಲಿ ಕೂಸನ್ನು ಅವತ್ತೇ ತೂಗಿಸಿದರು: ಎಂಟು ಕಿಲೋ ಮುನ್ನೂರು ಗ್ರಾಂ. ಆಮೇಲೆ ಹೇಳಿದರು, “ಹದಿನೈದನೇ ದಿನಾ ತಿರಗಿ ತೂಗತೇನಿ. ಒಂದ ಗುಲಗಂಜಿ ಕಡಿಮಿ ಬಂತಂದ್ರ, ಮರುದಿನಾ ಈ ಹೊಸ್ತಿಲಾ ತುಳೀಬ್ಯಾಡ.” ರೆಹಮತ್‌ಬಿ ಎರೆಯುವ ಒಂಬತ್ತು ಮನೆಗಳಲ್ಲಿ ಆರು ಸಿಕ್ಕಿದ್ದು ನೀಲಗಂಗವ್ವನ ಮಾತಿನ ಮೇಲೆ. ಈ ಹೊಸ್ತಿಲು ಹೋದರೆ ಅವೂ ಹೋಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಸಿದ್ಧಾರೂಢನಿಗೆ ಮತ್ತೆ ಬಾಟಲಿ ಬರುತ್ತದೆ, ಕಾವೇರಿ ನಡೆದ ದಾರಿಯನ್ನೇ ಅವನೂ ನಡೆಯುತ್ತಾನೆ.

ಹಾಗಾಗಿ ಎಂಟನೇ ದಿನದ ಆ ಅಂಟು ಬರೀ ಅಂಟಲ್ಲ.

ಒಂಬತ್ತನೇ ಬೆಳಗು ಮಡಿಕೆಯಲ್ಲಿ ಮತ್ತೆ ಬಿಸ್ಕೀಟು. ರೆಹಮತ್‌ಬಿ ಅವರಿಗೆ ಅನುಮಾನ ಯಾರ ಮೇಲೆ ಎಂಬುದನ್ನು ಹೇಳಬೇಕಿಲ್ಲ; ಆದರೆ ಅಕ್ಕಾರಿಗೆ ನೇರವಾಗಿ ಹೇಳುವ ಹಾಗಿಲ್ಲ. ಅಂಥ ಹೊತ್ತಿನಲ್ಲಿ ಕೂಸು ಬಹಳ ಉಪಯೋಗಕ್ಕೆ ಬರುತ್ತದೆ. ಅದರ ಮೂತಿಯನ್ನು ತೊಳೆಯುತ್ತ, ಬಾಗಿಲಿಗೆ ಕೇಳುವಷ್ಟು ಎತ್ತರದ ದನಿಯಲ್ಲಿ, “ಯಾವ ಇಲಿ ಬಂದು ನಿನ್ನ ಬಾಯಾಗ ಬಿಸ್ಕೀಟ ಇಟ್ಟ ಹೋತೋ ನನ್ನ ರಾಜಾ? ವಯಸ್ಸಾದ ಇಲಿನ ಇರಬೇಕ ನೋಡು,” ಎನ್ನುತ್ತಾರೆ.

ನೀಲಗಂಗವ್ವನೂ ಕೂಸಿಗೇ ಉತ್ತರ ಕೊಡುತ್ತಾರೆ: “ನಮ್ಮ ಮನ್ಯಾಗ ಇಲಿ ಇಲ್ಲಂತ ಹೇಳೋ ಅಪ್ಪಿ. ಬೆಳಗಾದ್ರ ಹೊರಗಿಂದ ಒಂದ ಬೆಕ್ಕ ಬರತೈತಿ, ಎಲ್ಲಾ ಮೂಸಕೋತ.”

ಸಿದ್ಧಾರೂಢ ಇಬ್ಬರ ಮುಖವನ್ನೂ ನೋಡಿ ನಗುತ್ತಾನೆ. ಬೇರೆ ಯಾರೂ ನಗುವುದಿಲ್ಲ. ಹಂಡೆಯ ಕೆಳಗೆ ಕಟ್ಟಿಗೆ ಚಟ್ ಎನ್ನುತ್ತದೆ. ಆಗ ನೀಲಗಂಗವ್ವನ ಬೆನ್ನ ಹಿಂದಿನಿಂದ, ಇನ್ನೂ ತಲೆ ಬಾಚದ ಕಾವೇರಿ ಮುಂದೆ ಬಂದು ನಿಲ್ಲುತ್ತಾಳೆ.

“ನಮ್ಮ ಆಯಿ ಅಲ್ಲ. ನಾನು.”

ಕೂಸು ಮಲಗುವುದು ಆಕೆಯ ಮಗ್ಗುಲಲ್ಲಿ. ದಣಿದ ತಾಯಿಗೆ ಎಚ್ಚರವಾಗುವ ಮೊದಲೇ ತಮ್ಮನ ಮುಲುಕು ಆಕೆಗೆ ಕೇಳಿಸುತ್ತದೆ. ಎದ್ದು ಡಬ್ಬಿ ತೆಗೆದು, ಬಿಸ್ಕೀಟನ್ನು ನೀರಿನಲ್ಲಿ ಅದ್ದಿ ಅವನ ಬಾಯಿಗೆ ಹಚ್ಚುತ್ತಾಳೆ, ಉಳಿದದ್ದು ತನಗೆ. ಯಾಕೆ ಎಂದು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತಾಳೆ. “ಅವ ಅಳೂದು ನಂಗ ಕೇಳಾಕ ಆಗೂದಿಲ್ಲ. ಬಾಯಾಗ ಏನರೆ ಇದ್ರ ಅಳು ನಿಲ್ಲತೈತಿ. ನಂಗ ಗೊತ್ತೈತಿ.”

ರೆಹಮತ್‌ಬಿ ಹುಡುಗಿಯ ಕೈ ಹಿಡಿದು ಕೆಳಗೆ ಕೂರಿಸುತ್ತಾರೆ, ಅಂಗೈಗೆ ಎಣ್ಣೆ ಹಚ್ಚುತ್ತಾರೆ, ಆ ಕೈಯನ್ನು ತಮ್ಮನ ಹೊಟ್ಟೆಯ ಮೇಲೆ ಇಡುತ್ತಾರೆ. “ಹಿಂಗಿಡು. ಒತ್ತಬ್ಯಾಡ. ಮನಸನ್ಯಾಗ ನೂರ ಎಣಸು. ಅಂವಾ ಉಸರ ಬಿಡೂದು ಕೈಗೆ ಗೊತ್ತಾಕ್ಕೈತಿ. ನೂರ ಆದ ಮ್ಯಾಲೂ ಅತ್ತರ ಅವ್ವನ್ನ ಎಬ್ಬಸು.”

“ಸಾವಿರ ಮಟಾ ಎಣಸ್ತೇನಿ,” ಎನ್ನುತ್ತಾಳೆ ಕಾವೇರಿ.

“ಬ್ಯಾಡ. ನೀನೂ ಮಕ್ಕೋಬೇಕು.”

ಮುದುಕಿಯರಿಬ್ಬರ ನಡುವಿನ ಲೆಕ್ಕ ಬಾಕಿ ಉಳಿಯಿತಲ್ಲ. ಸುಮ್ಮನೆ ಅನುಮಾನಪಟ್ಟದ್ದಕ್ಕೆ ರೆಹಮತ್‌ಬಿ ಕ್ಷಮೆ ಕೇಳಲಿಲ್ಲ. ಕೂಸನ್ನು ಸುತ್ತಿ ಮಲಗಿಸಿದ ಮೇಲೆ, ಉಳಿದ ಎಣ್ಣೆಯನ್ನು ನೀಲಗಂಗವ್ವನ ಮೊಣಕಾಲಿಗೆ ತಿಕ್ಕತೊಡಗಿದರು. ಎಣ್ಣೆ ತಣ್ಣಗಾಗಿದೆ ಎಂದು ನೀಲಗಂಗವ್ವ ತಪ್ಪು ತೆಗೆದರು. ಕಾಲು ಮಾತ್ರ ತೆಗೆಯಲಿಲ್ಲ.

ಇಲ್ಲಿಗೆ ಎಲ್ಲ ಸುಖವಾಯಿತು ಎನ್ನುವಷ್ಟರಲ್ಲಿ ಹನ್ನೆರಡನೇ ದಿನ ಕೂಸಿಗೆ ನೆಗಡಿ. ಮೂಗು ಕಟ್ಟಿದೆ, ಹಾಲು ಎಳೆಯುತ್ತಿಲ್ಲ, ಅನ್ನದ ಗಂಜಿಯನ್ನು ಉಗುಳುತ್ತಿದೆ. ರೆಹಮತ್‌ಬಿ ಅವರ ಮೊಣಕಾಲು ಮಡಚಲು ಬಾರದಷ್ಟು ಸವೆದಿವೆ. ಆದರೆ ತೂಕದ ವಿಷಯದಲ್ಲಿ ಆ ಕಾಲುಗಳು ಸೋತದ್ದಿಲ್ಲ. ಸಿದ್ಧಾರೂಢನನ್ನು ಮಲಗಿಸಿಕೊಂಡ ಕೂಡಲೇ ಅವಕ್ಕೆ ತಿಳಿಯಿತು: ಹಗುರ. ಯಾರಿಗೂ ಹೇಳಲಿಲ್ಲ. ವಿದ್ಯಾ ಡಾಕ್ಟರಿಗೆ ತೋರಿಸಿ ಬಂದರು. ಬರೀ ನೆಗಡಿ, ಎರಡು ದಿನದಲ್ಲಿ ಇಳಿಯುತ್ತದೆ ಎಂದರಂತೆ. ನೀಲಗಂಗವ್ವ ಬಾಗಿಲಲ್ಲಿ ನಿಂತು ಏನೂ ಅನ್ನದೆ ಹೋದರು. ಅವರು ಬೈದಿದ್ದರೆ ಮೇಲಿತ್ತು ಅನ್ನಿಸಿತು ರೆಹಮತ್‌ಬಿ ಅವರಿಗೆ. ಹದಿಮೂರಕ್ಕೆ ಕೂಸು ಅರ್ಧ ಹೊಟ್ಟೆ ಕುಡಿಯಿತು. ಹದಿನಾಲ್ಕಕ್ಕೆ ಮೂಗು ಬಿಟ್ಟಿತು, ಗಂಜಿ ಇಳಿಯಿತು. ಕಾಲಿಗೆ ಏನು ಅನ್ನಿಸಿತು ಎಂದು ಕೇಳಿದರೆ, ಆ ದಿನ ಕಾಲನ್ನೂ ನಂಬಲಿಲ್ಲ ಎನ್ನುತ್ತಾರೆ.

ಹದಿನೈದನೆಯ ಬೆಳಗು ಅಂಗಡಿಯ ಬಾಗಿಲು ಅರ್ಧ ಮೇಲೆದ್ದಿದೆ. ಶಾಂತಯ್ಯನವರು ತಕ್ಕಡಿಯನ್ನು ಕೊಂಡಿಗೆ ಸಿಕ್ಕಿಸಿ, ತಟ್ಟೆ ಒರೆಸಿ, ಗಿರಾಕಿಗೆ ತೂಗುವಷ್ಟೇ ಗಂಭೀರವಾಗಿ ಮುಳ್ಳು ನೋಡುತ್ತಾರೆ. ಒಂದು ತಟ್ಟೆಯಲ್ಲಿ ಎಂಟು ಕಿಲೋ ಮುನ್ನೂರರ ಕಲ್ಲು. ಇನ್ನೊಂದರಲ್ಲಿ ಸಿದ್ಧಾರೂಢ, ಬರೀ ಮೈಯಲ್ಲಿ. ಕೂಸು ಸರಪಳಿ ಹಿಡಿದು ಎಳೆಯುತ್ತದೆ, ತಕ್ಕಡಿ ತೂಗಾಡುತ್ತದೆ. ಕಾವೇರಿ ತಮ್ಮನ ಪಾದ ಹಿಡಿದುಕೊಂಡಿದ್ದಾಳೆ. ಕೈ ಬಿಡು ಅಂತ ಅಜ್ಜಿ ಹೇಳಿದರೂ ಬಿಡಲು ಆಕೆಗೆ ಧೈರ್ಯವಾಗುತ್ತಿಲ್ಲ. ಕೊನೆಗೆ ರೆಹಮತ್‌ಬಿ ಆಕೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾರೆ.

ತಟ್ಟೆಗಳು ಮೇಲೆ ಕೆಳಗೆ ಆಡಿ ಸಾವಕಾಶ ನಿಲ್ಲುತ್ತವೆ. ಕೂಸಿನ ತಟ್ಟೆ ಕೆಳಗಿದೆ. ಶಾಂತಯ್ಯ ಆಚೆ ಕಡೆ ಐವತ್ತು ಗ್ರಾಮಿನ ಕಲ್ಲು ಇಡುತ್ತಾರೆ. ಇನ್ನೂ ಕೆಳಗೆ. ಇನ್ನೊಂದು ಐವತ್ತು. ಮುಳ್ಳು ನೆಟ್ಟಗೆ ನಿಲ್ಲುತ್ತದೆ.

ನೀಲಗಂಗವ್ವ ಹತ್ತಿರ ಬಂದು, ಮುಳ್ಳನ್ನು ನೋಡಿ, ಗಂಡನ ಮುಖ ನೋಡಿ, ತಿರುಗಿ ಮುಳ್ಳನ್ನು ನೋಡುತ್ತಾರೆ. “ನೂರ ಗ್ರಾಂ. ಒಂದ ಹಿಡಿ ಶೇಂಗಾ ಆಗೂದಿಲ್ಲ,” ಎನ್ನುತ್ತಾರೆ. ಆಮೇಲೆ ಸೊಸೆಯತ್ತ ತಿರುಗಿ, ರೆಹಮತ್‌ಬಿಗೆ ಚಹಾ ಇಡು, ಬಚ್ಚಲ ನೀರು ಆರುತ್ತಿದೆ ಎಂದು ಗದರುತ್ತಾರೆ. ಕರಾರು ಗೆದ್ದ ಪ್ರಕಟಣೆ ಇಷ್ಟೇ. ಕೂಸು ಈಗ ರಾತ್ರಿ ಏಳುವುದು ಎರಡು ಸಲ ಎಂದು ವಿದ್ಯಾ ಹೇಳುವಾಗ, ಕಣ್ಣ ಸುತ್ತಲಿನ ಉಂಗುರ ಇನ್ನೂ ಇದೆ, ಸ್ವಲ್ಪ ತೆಳುವಾಗಿದೆ.

ಕಾವೇರಿಯ ತೂಕ ಹದಿನೈದು ದಿನದಲ್ಲಿ ಇಳಿದಿಲ್ಲ, ಇಳಿಯುವಂಥದ್ದೂ ಅಲ್ಲ. ಡಾಕ್ಟರು ಆಕೆಗೆ ಉಪವಾಸ ಹೇಳಿಲ್ಲ. ಒಂಬತ್ತಕ್ಕೆ ನಿದ್ದೆ, ಸಂಜೆ ಆಟ, ಡಬ್ಬಿ ಮೇಲಿನ ಅಟ್ಟಕ್ಕೆ ಎಂದಿದ್ದಾರೆ. ಡಬ್ಬಿಯನ್ನು ಅಟ್ಟಕ್ಕೆ ಏರಿಸಿದವರು ನೀಲಗಂಗವ್ವ. ರೆಹಮತ್‌ಬಿ ತಮ್ಮ ಒಂಬತ್ತೂ ಮನೆಗೆ ಹೋಗಿ, ಇನ್ನು ಮುಂದೆ ಕೂಸಿನ ತೂಕದ ಬೆಲ್ಲ ಬೇಡ, ಎಲ್ಲ ಕೂಸಿಗೂ ಒಂದೇ ಕಿಲೋ ಕೊಡಿರಿ ಎಂದು ಹೇಳಿ ಬಂದಿದ್ದಾರೆ. ಮೂರು ಮನೆಯವರು ಒಪ್ಪಿದ್ದಾರೆ. ಉಳಿದವರು ಇದರಲ್ಲಿ ಏನೋ ಇದೆ, ಮುಂದೆ ಸೀರೆ ಕೇಳುತ್ತಾರೆ ಎಂದು ಅನುಮಾನದಲ್ಲಿದ್ದಾರೆ.

ಹನ್ನೊಂದು ಗಂಟೆ. ಕೊನೆಯ ಮನೆಯ ಕಟ್ಟೆಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿ‌ರುವಾಗ, ಬೇರೇನಾದರೂ ಹೇಳುವುದಿದೆಯೇ ಎಂಬ ಪ್ರಶ್ನೆಗೆ ರೆಹಮತ್‌ಬಿ ಮೊದಲು ಈ ಬರಹದ ಟಿಪ್ಪಣಿಯ ವಹಿಯ ಮೇಲೆ ಎಣ್ಣೆಗೈ ಇಡುತ್ತಾರೆ. ಅದರ ಕಲೆ ಈಗಲೂ ಆ ಹಾಳೆಯ ಮೇಲಿದೆ.

“ನನ್ನ ಹೆಸರ ಹಾಕ್ರಿ, ಫೋಟೋ ಹಾಕ್ರಿ. ನಾ ತಪ್ಪ ಮಾಡಿದ್ದೂ ಹಾಕ್ರಿ, ನಾಕ ಮಂದಿಗೆ ಗೊತ್ತಾಗ್ಲಿ. ಆ ಹುಡಗಿಗೆ ಎಷ್ಟ ಬೆಲ್ಲಾ ಕೂತಿತ್ತು ಅನ್ನೂದೊಂದ ಹಾಕಬ್ಯಾಡ್ರಿ. ನಾ ಒಮ್ಮಿ ಹೇಳಿದ್ದ ಸಾಕಾಗೇತಿ.” ವಹಿಯಿಂದ ಕೈ ತೆಗೆದು, ಮತ್ತೆ ಹೇಳುತ್ತಾರೆ: “ಈ ಪೇಪರ ಅವರ ಅಂಗಡಿಗೂ ಬರತೈತಿ. ಐತವಾರ ಎಲ್ಲಾರಕಿಂತ ಮೊದಲ ಓದಾಕಿ ಅಕಿನ.”